ಅಕ್ಕನ ಮಾತಿಗೆ ಎದುರಿಲ್ಲ

“ದೊಡ್ಡವನಾದ್ಮೇಲೆ ನಿನ್ನ ಮಾತು ಸುಳ್ಳು ಅನ್ನೋಕೆ ಯಾರನ್ನೂ ಬಿಡಲ್ಲ ಅಕ್ಕ. ಆಣೆಗೂ.”

ಹೀಗೆಂದು ಮಾತು ಕೊಟ್ಟಾಗ ಅವನಿಗೆ ಮುಂದಿನ ಹಲ್ಲೆರಡೂ ಬಿದ್ದಿದ್ದವು. ಶಾಲೆಯ ಹಿಂದಿನ ಗೋಡೆ ಬಿರುಕು ಬಿಟ್ಟಿದೆ, ಇಂದೋ ನಾಳೆಯೋ ಬೀಳುತ್ತದೆ ಎಂದು ಅಕ್ಕ ಹೇಳಿದ್ದಳು. ಮೇಷ್ಟರು ಸ್ಲೇಟಿನ ಮೇಲೆ ‘ಸುಳ್ಳುಬುರುಕಿ’ ಎಂದು ಬರೆದು, ದಾರ ಕಟ್ಟಿ, ಅವಳ ಕೊರಳಿಗೆ ನೇತುಹಾಕಿ ಬಾಗಿಲಲ್ಲಿ ನಿಲ್ಲಿಸಿದ್ದರು. ತಮ್ಮ ಓಡಿಬಂದು, ಎಂಜಲು ಹಚ್ಚಿ, ಅಂಗಿಯ ತೋಳಿನಿಂದ ಆ ಅಕ್ಷರಗಳನ್ನು ಉಜ್ಜಿ ಹಾಕಿದ್ದ. ಆ ವರ್ಷವೇ ಗೋಡೆ ಬಿತ್ತು. ಪುಣ್ಯಕ್ಕೆ ಅಂದು ರಜೆ. ಅಲ್ಲಿಂದಾಚೆ ಅವನ ಪಾಲಿಗೆ ಅಕ್ಕ ಅಂದದ್ದೇ ವೇದವಾಕ್ಯ.

ಅಕ್ಕ ಡಾಕ್ಟರಾದಳು. ಹೊಸದೊಂದು ಜ್ವರ ದೇಶದೇಶ ಸುತ್ತತೊಡಗಿದಾಗ ತಜ್ಞರ ಸಮಿತಿಯಲ್ಲಿ ಕೂತು ಸರ್ಕಾರಕ್ಕೆ ಸೂಚನೆ ಬರೆದುಕೊಟ್ಟವಳೂ ಅವಳೇ. ರೋಗ ಮುಟ್ಟಿದರೆ ಹರಡುತ್ತದೆ, ಗಾಳಿಯಲ್ಲಿ ನಿಲ್ಲುವುದಿಲ್ಲ. ಕೈ ತೊಳೆಯಿರಿ, ಮೇಜು ಒರೆಸಿ. ತಮ್ಮನಿಗೆ ಸಿಕ್ಕ ಕೆಲಸವೂ ತಕ್ಕದ್ದೇ ಆಗಿತ್ತು. ಜನ ಫೋನಿನಲ್ಲಿ ಹಂಚಿಕೊಳ್ಳುವ ಬರಹಗಳನ್ನು ಓದುವುದು, ಸೂಚನೆಗೆ ವಿರುದ್ಧವಾದವುಗಳ ಮೇಲೆ ‘ತಪ್ಪು ಮಾಹಿತಿ’ ಎಂಬ ಕೆಂಪು ಪಟ್ಟಿ ಹಚ್ಚುವುದು. ಬರೆದವರ ಹೆಸರು ಅವನ ಪರದೆಯ ಮೇಲೆ ಬರುತ್ತಿರಲಿಲ್ಲ. ಮುಖ ನೋಡಿ ಮಣೆ ಹಾಕಬಾರದೆಂದು ಕಂಪನಿ ಮಾಡಿದ ಏರ್ಪಾಡು.

ಒಂದು ಮಧ್ಯಾಹ್ನ ಆ ಬರಹ ಬಂತು.

‘ಮುಚ್ಚಿದ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿ ಆರಿಸಿ. ಹೊಗೆ ಎಷ್ಟು ಹೊತ್ತು ತೇಲುತ್ತದೆ ನೋಡಿ. ರೋಗಿಯ ಉಸಿರೂ ಹಾಗೇ ತೇಲುತ್ತದೆ. ಸಮಿತಿ ಹೇಳಿದ್ದು ತಪ್ಪು. ಕೈ ತೊಳೆದರೆ ಸಾಲದು, ಕಿಟಕಿ ತೆಗೆಯಿರಿ.’

ಪಕ್ಕದ ಮೇಜಿನ ದಪ್ಪ ಕನ್ನಡಕದವನು ಇಣುಕಿದ. “ಇದ್ರಲ್ಲಿ ಏನೋ ಹುರುಳಿದೆ ಕಣಯ್ಯ. ಅಭಿಪ್ರಾಯ ಬೇರೆ ಅಂದ್ರೆ ಸುಳ್ಳು ಅಂತಾನಾ? ಹಾಗೇ ಬಿಟ್ಬಿಡು.”

“ಬೆಂಕಿಕಡ್ಡಿ ಗೀರೋರೆಲ್ಲ ಡಾಕ್ಟರಾ?”

ಹಾಗೆಂದನೇ ಹೊರತು ಬೆರಳು ಮುಂದೆ ಹೋಗಲಿಲ್ಲ. ಅವನ ಹೆಂಡತಿ ದುಡಿಯುವ ಹೊಲಿಗೆ ಕಾರ್ಖಾನೆಯಲ್ಲಿ, ಬಟ್ಟೆಗೆ ಧೂಳು ಕೂರದಿರಲೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ಅದು ನೆನಪಾಯಿತು. ಆದರೆ ‘ಸಮಿತಿ ಹೇಳಿದ್ದು ತಪ್ಪು’ ಎಂಬ ಸಾಲು ಮತ್ತೆ ಕಣ್ಣಿಗೆ ಚುಚ್ಚಿತು. ಯಾವನೋ ಅಕ್ಕನ ಕೊರಳಿಗೆ ಮತ್ತೊಮ್ಮೆ ಸ್ಲೇಟು ಕಟ್ಟಲು ಹೊರಟಿದ್ದಾನೆ.

ಕೆಂಪು ಪಟ್ಟಿ ಹಚ್ಚಿದ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಎದೆ ತಟ್ಟಿಕೊಂಡ. “ಇವತ್ತೊಬ್ಬ ನಿನ್ನ ಮೇಲೆ ಎಗರಾಡಿದ್ದ. ಬೆಂಕಿಕಡ್ಡಿ ವಿಜ್ಞಾನಿ! ಬಾಯಿ ಮುಚ್ಚಿಸಿದೆ.”

ಅಕ್ಕ ಕೇಳಿದಳು, “ಪೂರ್ತಿ ಓದಿದ್ಯೇನೋ?”

“ನಿನ್ನ ಮಾತಿಗೆ ಎದುರು ಅಂದ್ಮೇಲೆ ಓದೋದೇನಿದೆ?”

“ನಂಗೂ ತಪ್ಪಾಗ್ಬಹುದಲ್ವಾ ಪುಟ್ಟಾ?”

“ನಿನಗಾ? ಬಿಡ್ತು ಅನ್ನು!” ಎಂದು ನಕ್ಕ. ಅವಳು ನಗಲಿಲ್ಲ. ಕೆಲಸವಿದೆ ಎಂದು ಫೋನಿಟ್ಟಳು.

ಆ ಬರಹ ಅಷ್ಟರಲ್ಲಾಗಲೇ ಫೋನಿಂದ ಫೋನಿಗೆ ಹಾರಿತ್ತು. ಹೊಲಿಗೆ ಕಾರ್ಖಾನೆಯ ಹೆಂಗಸರು ಅದನ್ನೇ ತೋರಿಸಿ, ಮ್ಯಾನೇಜರನೊಡನೆ ಜಗಳವಾಡಿ ಮೊಳೆ ಕೀಳಿಸಿದ್ದರು. ಮಾರನೆಯ ದಿನ ಅದರ ಮೇಲೆ ಕೆಂಪು ಪಟ್ಟಿ ಕಂಡದ್ದೇ ತಡ, ಕಿಟಕಿಗೆ ಮತ್ತೆ ಮೊಳೆ ಬಿತ್ತು.

“ಯಾವ ಪುಣ್ಯಾತ್ಮ ಹಚ್ಚಿದ್ನೋ ಏನೋ ರೀ,” ಎಂದಳು ಹೆಂಡತಿ, ಊಟಕ್ಕೆ ಬಡಿಸುತ್ತ. “ಒಂದು ದಿನ ಗಾಳಿ ಕಂಡ್ವಿ, ಅಷ್ಟೇ.”

ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಕಾರ್ಖಾನೆಯ ಹೆಂಗಸರು ಸಾಲುಸಾಲಾಗಿ ಹಾಸಿಗೆ ಹಿಡಿದರು. ಹೆಂಡತಿ ಆಸ್ಪತ್ರೆ ಸೇರಿ, ಸತ್ತು ಬದುಕಿ ಮನೆಗೆ ಬಂದಳು. ಅವಳ ಮುಂದಿನ ಮಷೀನಿನವಳು ಬರಲಿಲ್ಲ. ಈಗ ಮೆಟ್ಟಿಲೇರುವಾಗ ಹೆಂಡತಿ ನಡುವೆ ಕೂತುಬಿಡುತ್ತಾಳೆ. ಅವಳ ಉಸಿರಿನ ಸಿಳ್ಳು ಅವನಿಗೆ ಅಡುಗೆಮನೆಯವರೆಗೂ ಕೇಳುತ್ತದೆ. ಹಚ್ಚಿದವನು ತಾನೇ ಎಂದು ಹೇಳಲು ಬಾಯಿ ತೆರೆದಾಗೆಲ್ಲ, “ಬಿಸಿನೀರು ಬೇಕಾ?” ಎಂಬ ಮಾತೇ ಹೊರಬರುತ್ತದೆ.

ಕೊನೆಗೆ ಸರ್ಕಾರವೇ ‘ಕಿಟಕಿ ತೆಗೆಯಿರಿ’ ಎಂದಿತು. ಕೆಂಪು ಪಟ್ಟಿ ಸದ್ದಿಲ್ಲದೆ ಕಳಚಿತು.

ಅವನು ಸೂಪರ್‌ವೈಸರ್ ಮುಂದೆ ಹೋಗಿ ನಿಂತ. “ಬರೆದವರ ಹೆಸರೊಂದು ಹೇಳಿ ಸಾರ್. ಕಾಲಿಗೆ ಬೀಳ್ಬೇಕು.”

“ನಂಗೂ ಕಾಣಲ್ಲಪ್ಪ. ಆವತ್ತು ಹೆಸರು ಕಂಡಿದ್ರೆ ಮಾತ್ರ ನೀನು ಹಚ್ಚದೇ ಇರ್ತಿದ್ಯಾ?”

ಅಕ್ಕನಿಗೆ ಎದುರಾಡಿದವನು ಯಾರಾದರೇನು, ಹಚ್ಚಿಯೇ ಹಚ್ಚುತ್ತಿದ್ದೆ. ಹಾಗೆಂದುಕೊಂಡೇ ತಲೆ ತಗ್ಗಿಸಿ ಹೊರಬಂದ.

ಭಾನುವಾರ ಅಕ್ಕ ಬಂದಳು. ಅವಳು ಸಮಿತಿ ಬಿಟ್ಟು ತಿಂಗಳಾಗಿತ್ತು. ಅತ್ತಿಗೆಯಂತಲ್ಲ, ತಾಯಿಯಂತೆ ತಮ್ಮನ ಹೆಂಡತಿಯ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಮಂಚದ ಪಕ್ಕದ ಕಿಟಕಿ ಅರ್ಧ ಮುಚ್ಚಿತ್ತು.

“ಬೆಂಕಿಪೊಟ್ಟಣ ಕೊಡೋ.”

ಕಡ್ಡಿ ಗೀರಿ, ಉಫ್ ಎಂದು ಆರಿಸಿದಳು. ಹೊಗೆ ಮಂಚದ ಮೇಲೇ ತೇಲುತ್ತ ನಿಂತಿತು. ಅವಳು ಎದ್ದು ಕಿಟಕಿಯನ್ನು ಪೂರ್ತಿ ತಳ್ಳಿದಳು.

“ಸಮಿತೀಲೂ ಹೀಗೇ ಗೀರಿ ತೋರಿಸ್ದೆ. ನಾನು ಬರೆದಿದ್ದು ತಪ್ಪು, ವಾಪಸ್ ತಗೊಳ್ಳೋಣ ಅಂದೆ. ಯಾರೂ ಕೇಳ್ಲಿಲ್ಲ. ಹೊರಗೆ ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಅಂದ್ರು. ಅದಕ್ಕೇ ಬೇರೆ ಹೆಸರಲ್ಲಿ ಬರೆದೆ ಕಣೋ. ಆವತ್ತು ನೀನು ಫೋನ್ ಮಾಡ್ದಾಗ... ಅಷ್ಟು ಹೆಮ್ಮೆಯಿಂದ ಹೇಳ್ತಿದ್ದೆ. ನಾಚ್ಕೆ ಆಯ್ತು. ಸುಮ್ಮನಾದೆ.”

ಅವನು ತನ್ನ ಅಂಗಿಯ ತೋಳು ಹಿಡಿದುಕೊಂಡು ನಿಂತ. ಉಜ್ಜಲು ಎದುರಿಗೆ ಏನೂ ಇರಲಿಲ್ಲ.

ಕೊಟ್ಟ ಮಾತು ಉಳಿದಿತ್ತು. ಅಕ್ಕನ ಮಾತು ಸುಳ್ಳೆನ್ನಲು ಅವನು ಯಾರನ್ನೂ ಬಿಟ್ಟಿರಲಿಲ್ಲ, ಅಕ್ಕನನ್ನು ಕೂಡ.