ತುಟ್ಟಿ ಆಗುವ ಮುಂಚೆ

ಕಾರಿಗಿಂತ ಕಾರು ಇಟ್ಟುಕೊಳ್ಳುವ ಪರವಾನಗಿಯೇ ತುಟ್ಟಿ ಎಂಬುದು ಹುಬ್ಬಳ್ಳಿಯವರಿಗೆ ರೂಢಿಯಾಗಿ ಬಹಳ ಕಾಲವಾಗಿತ್ತು. ಪ್ರತಿ ತಿಂಗಳು ಇಂತಿಷ್ಟೇ ಪರವಾನಗಿಗಳ ಹರಾಜು ನಡೆಯುತ್ತಿತ್ತು. ಟ್ಯಾಕ್ಸಿ ಓಡಿಸುವ ಗುರುಸಿದ್ದಪ್ಪನ ಪರವಾನಗಿ ಈ ಸಲದ ಹರಾಜಿನ ದಿನವೇ ಮುಗಿಯುವುದಿತ್ತು. ಹೊಸದು ಸಿಗದಿದ್ದರೆ ಮರುದಿನ ಕಾರು ಗುಜರಿಗೆ ಹೋಗಬೇಕು.

ಆ ತಿಂಗಳು ದರ ಇಳಿದಿತ್ತು. ಇಳಿದಾಗ ಜನ ಇನ್ನೂ ಇಳಿಯಲಿ ಎಂದು ಮನೆಯಲ್ಲಿ ಕೂರುತ್ತಾರೆ. ಹರಾಜಿನ ಕಚೇರಿಯ ಮುಂದೆ ನಾಲ್ಕಾರು ಮಂದಿ ಚಹಾ ಕುಡಿಯುತ್ತಿದ್ದರು, ಅಷ್ಟೆ. ಗುರುಸಿದ್ದಪ್ಪನ ಹತ್ತಿರವಿದ್ದ ಐದು ಲಕ್ಷ ಧಾರಾಳವಾಗಿ ಸಾಲುತ್ತಿತ್ತು. ಆದರೂ ಇವರನ್ನೂ ಹೆದರಿಸಿ ಓಡಿಸಿಬಿಡೋಣ ಎನ್ನಿಸಿತು.

“ಸುಮ್ನ ಬಂದು ನಿಂತೀರಿ. ಇವತ್ತ ಎಂಟು ಲಕ್ಷದ ಮ್ಯಾಲ ಹೊಕ್ಕೈತಿ. ಮುಂದಿನ ತಿಂಗಳ ಹತ್ತಂತ,” ಎಂದ ಜೋರಾಗಿ.

“ಖರೇನ?” ಎಂದು ಬಿಳಿ ಟೋಪಿಯ ಮುದುಕರೊಬ್ಬರು ಚಹಾ ಅರ್ಧಕ್ಕೆ ಬಿಟ್ಟು ಮಗನಿಗೆ ಫೋನು ಹಚ್ಚಿದರು. ಉಳಿದವರೂ ಹಚ್ಚಿದರು. ಯಾರೂ ಓಡಿಹೋಗಲಿಲ್ಲ. ಮನೆಯಲ್ಲಿ ಕೂತವರೂ ಎದ್ದು ಬಂದರು. ಒಳಗೆ ನಿಲ್ಲಲು ಜಾಗವಿಲ್ಲದಂತಾಯಿತು. ಕೂಗು ಐದು ಲಕ್ಷ ದಾಟಿದಾಗ ಗುರುಸಿದ್ದಪ್ಪ ಕೈ ಇಳಿಸಿದ. ಹರಾಜು ಒಂಬತ್ತು ಲಕ್ಷಕ್ಕೆ ನಿಂತಿತು.

ಹೊರಗೆ ಮುದುಕರು ಅವನ ಕೈ ಹಿಡಿದುಕೊಂಡರು. “ನಿನ್ನ ಉಪಕಾರ ಮರಿಯಂಗಿಲ್ಲ, ತಮ್ಮಾ. ಕಡೀ ಪರವಾನಗಿ ನನಗ ಸಿಕ್ತು.”

“ಯಾವ ಗಾಡಿ ತಗೋತೀರಿ, ಯಜಮಾನ್ರ?”

“ಗಾಡಿ ಯಾಕ್ಪಾ? ನಮ್ಮ ಮನ್ಯಾಗ ಯಾರಿಗೂ ಓಡ್ಸಾಕ ಬರೂದಿಲ್ಲ. ತುಟ್ಟಿ ಅಕ್ಕೈತಿ ಅಂದೆಲ್ಲಾ, ಇರ್ಲಿ ಅಂತ ತಗೊಂಡೆ.” ಮುದುಕರು ಅವನ ಟ್ಯಾಕ್ಸಿಯತ್ತ ನೋಡಿದರು. “ಖಾಲಿ ಐತೇನು? ಮನೀತನಕ ಬಿಡು.”

ಗುರುಸಿದ್ದಪ್ಪ ಹಿಂದಿನ ಬಾಗಿಲು ತೆರೆದ.