ಸಂಗಣ್ಣನ ಹತ್ತಿರ ಉಳಿದದ್ದು

ತಂಡ ಬದಲಿಸುವ ಐಸ್ ಹಾಕಿ ಆಟಗಾರ ಹಳೆಯ ತಂಡದಲ್ಲಿ ಕಳೆದ ವರ್ಷಗಳ ನೆನಪನ್ನೆಲ್ಲ ಅಲ್ಲೇ ಒಪ್ಪಿಸಿ ಬರಬೇಕಿತ್ತು. ಡಿಫೆಂಡರ್ ಉತ್ತಯ್ಯ ಹಾಗೆ ಎರಡು ತಂಡಗಳನ್ನು ಬಿಟ್ಟು ಬಂದಿದ್ದ. ಲೇಹ್‌ನಲ್ಲಿ ಪಂದ್ಯ ಮುಗಿದು ಸ್ಕೇಟ್ಸ್ ಬಿಚ್ಚುತ್ತಿದ್ದಾಗ ಎದುರು ತಂಡದ ಡಿಫೆಂಡರೊಬ್ಬ ಪಕ್ಕದಲ್ಲಿ ಬಂದು ಕುಳಿತ.

"ನಾ ಸಂಗಣ್ಣ. ನಿನ್ನ ಮೊದಲ ತಂಡದಾಗ ಆರು ವರ್ಷ ನಿನ್ನ ಜೋಡಿ ಆಡೇನಿ; ನಾ ಇನ್ನೂ ಅಲ್ಲೇ ಅದೀನಿ. ನಿಮ್ಮವ್ವ ತೀರಿಕೊಂಡಾಗ ನನ್ನ ಹೆಗಲಮ್ಯಾಲೆ ಅತ್ತಿದ್ದಿ."

ತಾಯಿ ಸತ್ತ ದಿನ ಉತ್ತಯ್ಯನಿಗೆ ಮರಣಪತ್ರದಿಂದಷ್ಟೇ ಗೊತ್ತಿತ್ತು. ಆವತ್ತು ತಾನು ಅತ್ತಿದ್ದೆನೋ ಇಲ್ಲವೋ ಎಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

"ತುಂಬಾ ಅತ್ತಿದ್ನಾ ನಾನು?"

"ಎರಡು ದಿನ ಊಟಾ ಮುಟ್ಟಲಿಲ್ಲ."

ಉತ್ತಯ್ಯ ಬಿಚ್ಚಿದ ಸ್ಕೇಟ್ಸ್ ಚೀಲಕ್ಕೆ ಹಾಕಿದ. ಮರುದಿನವೇ ಅವನು ಈ ತಂಡವನ್ನೂ ಬಿಡುವವನಿದ್ದ.

"ಇನ್ನೊಮ್ಮೆ ಎಲ್ಲಾದ್ರೂ ಸಿಕ್ಕಿದ್ರೆ ಇದನ್ನ ಮತ್ತೆ ಹೇಳ್ತೀಯಾ?"

"ಹೇಳ್ತೀನಿ," ಎಂದ ಸಂಗಣ್ಣ. "ಹೋದ ಸಲ ಸಿಕ್ಕಾಗೂ ಹಿಂಗಽ ಕೇಳಿದ್ದಿ."