ಮುತ್ತಜ್ಜನ ಕಿವಿ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೆರೆಯ ಮಣ್ಣಿನಲ್ಲಿ ಹಿರಿಯರನ್ನು ಮಾಡಿ ಕೂರಿಸಿದರೆ, ಒಣಗುವ ತನಕ ಅವರು ಮಾತಾಡುವುದು ಆ ಊರಿಗೆ ಹೊಸದೇನಲ್ಲ. ಪಕ್ಕದ ಮನೆಯ ಮಣ್ಣಿನ ಅಜ್ಜಿ ಆಗಲೇ ಚಹಾಕ್ಕೆ ಸಕ್ಕರೆ ಸಾಲದೆಂದು ಬೈಯುತ್ತಿದ್ದಳು.

ಶಾಂತವ್ವನ ಮೊಮ್ಮಗಳು ಅಂಬಿಕಾ ಗೋಡೆಯ ಪಟ ನೋಡಿ ಮುತ್ತಜ್ಜನನ್ನು ಮಾಡಿದ್ದಳು. ನಾಳೆ ಹೊಸ ಶಾಲೆಗೆ ಸೇರುವಾಗ 'ಉಳ್ಳಾಗಡ್ಡಿ' ಎಂಬ ಅಡ್ಡಹೆಸರನ್ನು ಬರೆಸಲೇಬಾರದೆಂದು ಅವಳ ಹಟ. ಹಳೆಯ ಶಾಲೆಯಲ್ಲಿ ಅವಳು ಬಂದೊಡನೆ ಗೆಳತಿಯರು ಈರುಳ್ಳಿ ಹೆಚ್ಚಿದವರಂತೆ ಕಣ್ಣೊರೆಸಿಕೊಳ್ಳುತ್ತಿದ್ದರು.

"ಮುತ್ತಜ್ಜಾ, ಇಂಥಾ ಹೆಸರು ಯಾಕ ಇಟ್ಟಿ?"

ಮುತ್ತಜ್ಜ ತನ್ನ ಎತ್ತುಗಳ ಸುದ್ದಿಯನ್ನೇ ಹೇಳುತ್ತಿದ್ದ.

"ಕೇಳವಲ್ಲ, ಅಜ್ಜಿ."

ಶಾಂತವ್ವ ಮಾವನೆದುರು ಸೆರಗು ಎಳೆದುಕೊಂಡು ಬಗ್ಗಿ ನೋಡಿದಳು. ಪಟದಲ್ಲಿ ರುಮಾಲು ಕಿವಿ ಮುಚ್ಚಿತ್ತು. ಹುಡುಗಿ ಕಿವಿಯನ್ನೇ ಮಾಡಿರಲಿಲ್ಲ.

"ನೀನ ಹಚ್ಚವಾ. ಸೊಸಿ ಆಗಿ ನಾ ಮಾವನ ಕಿವಿ ಹಿಡಿಯಾಕ ಆಗ್ತೈತೇನು? ಲಗೂ ಮಾಡು, ಮೀಸಿ ಒಣಗಾಕತ್ತೈತಿ."

ಅಂಬಿಕಾ ಎರಡು ಕಿವಿ ಅಂಟಿಸಿ ಮತ್ತೆ ಕೇಳಿದಳು. ಮುತ್ತಜ್ಜ ನಕ್ಕ.

"ಅದು ನಾ ಇಟ್ಟದ್ದಲ್ಲ, ತಂಗಿ. ನಿಮ್ಮ ಮುತ್ತಜ್ಜಿ ಸಂತ್ಯಾಗ ಉಳ್ಳಾಗಡ್ಡಿ ಮಾರ್ತಿದ್ಲು. ಅಕಿ ತಕ್ಕಡಿ ಹಿಡಿದ್ರ ಯಾರೂ ಎರಡನೇ ಮಾತು ಆಡ್ತಿರಲಿಲ್ಲ. ಊರೆಲ್ಲಾ ನನಗ ಉಳ್ಳಾಗಡ್ಡಿಯಕಿ ಗಂಡ ಅಂತಿತ್ತು. ನನಗ ಭಾಳ ಸೇರ್ತು, ಅದನ್ನ ಇಟಗೊಂಡೆ."

ಅಷ್ಟರಲ್ಲಿ ಮೀಸೆ ಬಿರಿದು ಅವನ ಮಾತು ನಿಂತಿತು.

"ನಾಳೆ ಹೆಂಗ ಬರಸೂದು?" ಎಂದು ಶಾಂತವ್ವ ಮೆಲ್ಲಗೆ ಕೇಳಿದಳು.

"ಪೂರ್ತಿ ಬರಸು," ಎಂದು ಅಂಬಿಕಾ ಇನ್ನೊಂದು ಹಿಡಿ ಮಣ್ಣು ನೆನೆಸಿಕೊಂಡಳು. "ಈಗ ಮುತ್ತಜ್ಜಿ ಮೂಗು ಹೆಂಗಿತ್ತು, ಅದನ್ನ ಹೇಳು."